ಹೊಳೆದಂಡೆಯ ಜೀರಿಗೆ ಮರ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಶಿರಸಿಯಿಂದ ಹೆಗ್ಗರಣೆ ಕಡೆ ಹೊರಟೆವು. ಆ ದಾರಿ ಹಿಡಿದ ಪ್ರವಾಸಿಗರು ಹೆಚ್ಚಾಗಿ ಹೋಗುವುದು ಉಂಚಳ್ಳಿ ಜಲಪಾತಕ್ಕೆ. ಅಘನಾಶಿನಿ ಅಲ್ಲಿ 116 ಮೀಟರ್ ಆಳಕ್ಕೆ ಧುಮುಕುತ್ತಾಳೆ. ನಾವು ಹೋಗಿದ್ದು ಒಂದು ಕಾಡು ಮಾವಿನ ಮರ ನೋಡಲಿಕ್ಕೆ.

ಗೆಳತಿಯ ದೊಡ್ಡಪ್ಪ ಅಡಿಕೆ ತೋಟ ದಾಟಿಸಿ ಹೊಳೆದಂಡೆಗೆ ಕರೆದುಕೊಂಡು ಹೋದರು. ಯಾರೂ ನೆಡದೆ ತಾನೇ ಹುಟ್ಟಿ ಬೆಳೆದ ಅಪ್ಪೆ ಮರ, ಅಂದರೆ ಉಪ್ಪಿನಕಾಯಿ ಮಿಡಿಗೆ ಹೆಸರಾದ ಕಾಡು ಮಾವು. ಕತ್ತೆತ್ತಿ ನೋಡಿದರೂ ತುದಿ ಕಾಣಲಿಲ್ಲ. ಮೇಲೆ ಹತ್ತಿದವರು ಮಿಡಿ ಕೊಯ್ದು ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸುತ್ತಿದ್ದರು. ಕೆಳಗೆ ಬಿದ್ದು ಪೆಟ್ಟಾದ ಒಂದನ್ನು ನಾನು ಆರಿಸಿಕೊಂಡೆ. “ಅದು ಭರಣಿಗೆ ಬೇಡ ತಂಗಿ, ಕೊಳೀತದೆ” ಎಂದರು ದೊಡ್ಡಪ್ಪ.

ಆಮೇಲೆ ಚೀಲದಿಂದ ಒಂದು ಮಿಡಿ ತೆಗೆದು ತೊಟ್ಟು ಮುರಿದರು. ಚಿಳ್ಳೆಂದು ಸೊನೆ ಹಾರಿತು. ಮೂಗಿಗೆ ಹಿಡಿದೆ. ಜೀರಿಗೆ! ಆಗಷ್ಟೇ ಅಂಗೈಲಿ ತಿಕ್ಕಿದ ಜೀರಿಗೆಯದೇ ಪರಿಮಳ. ಸ್ವಲ್ಪ ಆಚೆಗಿದ್ದ ಇನ್ನೊಂದು ಮರದ ಮಿಡಿಗೆ ಕರ್ಪೂರದ ವಾಸನೆ. ಅದೇ ಹೊಳೆ, ಅದೇ ಮಣ್ಣು, ಆದರೆ ಮರದಿಂದ ಮರಕ್ಕೆ ಪರಿಮಳವೇ ಬೇರೆ. ಈ ಸೊನೆ ಇದ್ದರೇ ಮಿಡಿ ಉಪ್ಪಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವುದು. ಅದಕ್ಕೇ ತೊಟ್ಟು ಬಿಡಿಸದೆ ಕೊಯ್ಯುತ್ತಾರೆ.

ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಬಂದು ಸೇರುತ್ತದೆ. ಹಾಗಾಗಿ ಗೊರಟೆಯಿಂದ ಎದ್ದ ಸಸಿ ತಾಯಿಯ ಹಾಗೇ ಇರಬೇಕೆಂದಿಲ್ಲ. ಅಘನಾಶಿನಿ, ಶರಾವತಿ, ವರದಾ, ಕಾಳಿ ದಂಡೆಗಳಲ್ಲಿ ಇಷ್ಟೊಂದು ಬಗೆ ಹುಟ್ಟಿದ್ದು ಹೀಗೆ. ಅನಂತಭಟ್ಟ, ಮಾಳಂಜಿ, ದೊಂಬೆಸರ ಅಂತ ಹೆಸರು ಹಿಡಿದೇ ಜನ ಕೇಳುತ್ತಾರೆ. ಬೇಕಾದ ಪರಿಮಳ ಹಾಗೇ ಉಳಿಯಬೇಕಾದರೆ ಕಸಿಯೇ ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಹಲವು ಅಪ್ಪೆ ತಳಿಗಳನ್ನು ಸಂಗ್ರಹಿಸಿ ಬೆಳೆಸಿದ್ದಾರೆ. ದೊಡ್ಡಪ್ಪನ ಅಂಗಳದಲ್ಲೂ ಕಸಿ ಗಿಡಗಳು ಸಾಲಾಗಿ ಕೂತಿದ್ದವು. ನೋಡಿ ತುಂಬಾ ಖುಷಿಯಾಯಿತು.

ಆದರೆ ಆ ದೊಡ್ಡ ಮರದ ಬುಡದಲ್ಲಿ ನಾನು ಎಷ್ಟು ಹುಡುಕಿದರೂ ಒಂದು ಸಸಿ ಸಿಗಲಿಲ್ಲ. ಮಿಡಿಯಿರುವಾಗಲೇ ಎಲ್ಲ ಕೊಯ್ದರೆ ಹಣ್ಣೆಲ್ಲಿ, ಗೊರಟೆಯೆಲ್ಲಿ? ಕೆಲವು ಕಡೆ ಮಿಡಿಗಾಗಿ ಕೊಂಬೆಯನ್ನೇ ಕಡಿಯುತ್ತಾರಂತೆ. ಕೇಳಿ ಹೊಟ್ಟೆ ಉರಿಯಿತು. ಕಸಿಯಿಂದ ಉಳಿಯುವುದು ನಮಗೆ ಈಗಾಗಲೇ ಗೊತ್ತಿರುವ ಪರಿಮಳ. ಇನ್ನೂ ಯಾರೂ ಮೂಸಿ ನೋಡದ ಪರಿಮಳ ಹುಟ್ಟಬೇಕಾದರೆ ಕಾಡಿನಲ್ಲಿ ಗೊರಟೆ ಬೀಳಲೇಬೇಕು, ಅಲ್ವಾ?

ಮಧ್ಯಾಹ್ನ ಊಟಕ್ಕೆ ಅಪ್ಪೆಹುಳಿ. ಎರಡು ಲೋಟ ಕುಡಿದೆ. ಹೊರಡುವಾಗ ದೊಡ್ಡಪ್ಪ ಮರದ ಹೊಳೆ ಕಡೆಯ ಕೊಂಬೆ ತೋರಿಸಿದರು. ಅದರ ಮಿಡಿ ಒಂದೂ ಕೊಯ್ದಿರಲಿಲ್ಲ. “ಅದು ಹಣ್ಣಾಗಲಿ ಅಂತ ಬಿಟ್ಟಿದ್ದು. ಬಿದ್ದಾಗ ಫೋನ್ ಮಾಡ್ತೆ, ಗೊರಟೆ ಆರಿಸಲಿಕ್ಕೆ ಬಾ” ಎಂದರು.

ಈಗ ಆ ಫೋನಿಗೇ ಕಾಯುತ್ತಿದ್ದೇನೆ.