18 ವರ್ಷ, ಒಂದೇ ಜೆರ್ಸಿ: ಹೈ ವಿಕಂಬ್‌ನ ಮ್ಯಾಟ್ ಬ್ಲೂಮ್‌ಫೀಲ್ಡ್

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡಿ ಸಂಸಾರ ಸಾಕುವವರಲ್ಲಿ ಹೆಚ್ಚಿನವರ ಮುಖ ಊರಿನಲ್ಲಿರುವ ನಿಮಗೆ ಪರಿಚಯವಿರಲಾರದು. ಟಿವಿಯಲ್ಲಿ ಬರುವುದು ಪ್ರೀಮಿಯರ್ ಲೀಗಿನ 20 ಕ್ಲಬ್ಬು. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಅಂತ ಮೂರು ಮೆಟ್ಟಿಲು, ಮೆಟ್ಟಿಲಿಗೆ 24ರಂತೆ 72 ಕ್ಲಬ್ಬುಗಳಿವೆ. ಅದಕ್ಕೂ ಕೆಳಗೆ ನ್ಯಾಷನಲ್ ಲೀಗ್. ಗೆದ್ದರೆ ಮೇಲಕ್ಕೆ, ಸೋತರೆ ಕೆಳಕ್ಕೆ. ಐಪಿಎಲ್ ತಂಡಗಳಿಗಿರುವ ಹಾಗೆ ಖಾಯಂ ಜಾಗ ಇಲ್ಲಿ ಯಾರಿಗೂ ಇಲ್ಲ.

ನಾನಿರುವ ಹೈ ವಿಕಂಬ್ ಲಂಡನ್ನಿನಿಂದ ಸುಮಾರು 50 ಕಿ.ಮೀ. ದೂರದ ಊರು. ಬೀಚ್ ಮರದ ಕಾಡು ಸುತ್ತಲೂ ಇದ್ದದ್ದರಿಂದ ತಲೆಮಾರುಗಳ ಕಾಲ ಕುರ್ಚಿ ಮಾಡಿಯೇ ಬದುಕಿದ ಊರಿದು. ಅದಕ್ಕೇ ಇಲ್ಲಿನ ಕ್ಲಬ್ಬಾದ ವಿಕಂಬ್ ವಾಂಡರರ್ಸ್‌ನವರನ್ನು ಎಲ್ಲರೂ ‘ಚೇರ್‌ಬಾಯ್ಸ್’ ಅಂತಲೇ ಕರೆಯುತ್ತಾರೆ. 1887ರಲ್ಲಿ ಹುಟ್ಟಿದ ಕ್ಲಬ್ಬು, ಲೀಗಿಗೆ, ಅಂದರೆ ನ್ಯಾಷನಲ್ ಲೀಗಿನ ಮೇಲಿನ ಆ ಮೆಟ್ಟಿಲುಗಳಿಗೆ, ಸೇರಿದ್ದು 1993ರಲ್ಲಿ. ಆಡಮ್ಸ್ ಪಾರ್ಕ್ ಎಂಬ ಇದರ ಮೈದಾನ ಕೈಗಾರಿಕಾ ವಸಾಹತೊಂದರ ತುದಿಯಲ್ಲಿದೆ. ಗೋಡೌನುಗಳನ್ನು ದಾಟಿ ಹೋದರೆ ರಸ್ತೆ ಅಲ್ಲಿಗೇ ಮುಗಿಯುತ್ತದೆ, ಹಿಂದೆ ಕಾಡಿನ ಗುಡ್ಡ. ಪಂದ್ಯ ಮುಗಿದ ಮೇಲೆ ಎಲ್ಲರೂ ಅದೇ ಒಂದು ರಸ್ತೆಯಲ್ಲಿ ನಡೆದು ಹೊರಬರಬೇಕು.

ನಾನು ಹೇಳಹೊರಟಿರುವುದು ಈ ಮೈದಾನದ ನಡುವೆ 18 ವರ್ಷ ಓಡಿದ ಒಬ್ಬ ಮಿಡ್‌ಫೀಲ್ಡರನ ವಿಷಯ. ಹೆಸರು ಮ್ಯಾಟ್ ಬ್ಲೂಮ್‌ಫೀಲ್ಡ್. 1984ರಲ್ಲಿ ಸಫೋಕ್‌ನ ಫೀಲಿಕ್ಸ್‌ಸ್ಟೋ ಎಂಬ ಬಂದರು ಊರಿನಲ್ಲಿ ಹುಟ್ಟಿದವರು. ಪಕ್ಕದ ಇಪ್ಸ್‌ವಿಚ್ ಟೌನ್ ಕ್ಲಬ್ಬಿನಲ್ಲಿ ಹುಡುಗನಾಗಿ ಆಟ ಕಲಿತರು, ಆದರೆ ಅಲ್ಲಿ ಮೊದಲ ತಂಡದಲ್ಲಿ ನೆಲೆ ಸಿಗಲಿಲ್ಲ. 2003ರ ಡಿಸೆಂಬರಿನಲ್ಲಿ, 19ನೇ ವಯಸ್ಸಿಗೆ ಇಲ್ಲಿಗೆ ಬಂದರು. ಆಗ ವಿಕಂಬ್‌ನ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಆಗಿದ್ದವರು ಆರ್ಸೆನಲ್‌ನ ಹಳೆಯ ನಾಯಕ ಟೋನಿ ಆಡಮ್ಸ್. ಬಂದ ಹಂಗಾಮಿನಲ್ಲೇ ತಂಡ ಕೊನೆಯ ಸ್ಥಾನಕ್ಕಿಳಿದು ಕೆಳಗಿನ ಮೆಟ್ಟಿಲಿಗೆ ಬಿತ್ತು.

ಅಲ್ಲಿಂದ ಮುಂದಿನ ಲೆಕ್ಕ ನೋಡಿ. 2009ರಲ್ಲಿ ಮೇಲಕ್ಕೆ, 2010ರಲ್ಲಿ ಕೆಳಕ್ಕೆ, 2011ರಲ್ಲಿ ಮತ್ತೆ ಮೇಲಕ್ಕೆ, 2012ರಲ್ಲಿ ಮತ್ತೆ ಕೆಳಕ್ಕೆ. 2018ರಲ್ಲಿ ಮೇಲಕ್ಕೆ, 2020ರಲ್ಲಿ ಇನ್ನೂ ಮೇಲಕ್ಕೆ, 2021ರಲ್ಲಿ ಕೆಳಕ್ಕೆ. ಆಡಮ್ಸ್ ಆದ ಮೇಲೆ ಜಾನ್ ಗೋರ್ಮನ್, ಪಾಲ್ ಲ್ಯಾಂಬರ್ಟ್, ಪೀಟರ್ ಟೇಲರ್, ಗ್ಯಾರಿ ವ್ಯಾಡಕ್, ಗ್ಯಾರೆತ್ ಐನ್ಸ್‌ವರ್ತ್ ಹೀಗೆ ಮ್ಯಾನೇಜರುಗಳು ಬದಲಾದರು. ಮಾಲೀಕರು ಬದಲಾದರು. ಬ್ಲೂಮ್‌ಫೀಲ್ಡ್ ಮಾತ್ರ ತಿಳಿನೀಲಿ-ಕಡುನೀಲಿ ಚೌಕದ ಅದೇ ಜೆರ್ಸಿಯಲ್ಲಿ 550ಕ್ಕೂ ಹೆಚ್ಚು ಪಂದ್ಯ ಆಡಿದರು.

ಸ್ಟಾರ್ ಆಟಗಾರ ಒಂದೇ ಕ್ಲಬ್ಬಿನಲ್ಲಿ ಉಳಿದರೆ ಅದು ಅವನ ಆಯ್ಕೆ ಎನ್ನಬಹುದು, ಏಕೆಂದರೆ ಅವನಿಗೆ ಐದು ವರ್ಷದ ಕರಾರು ಕೊಡಲು ಜನ ಕಾದಿರುತ್ತಾರೆ. ಕೆಳಗಿನ ಲೀಗುಗಳಲ್ಲಿ ನಡೆಯುವುದೇ ಬೇರೆ. ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು, ಇಲ್ಲವೇ ಎರಡು. ಹಂಗಾಮು ಮುಗಿಯುವ ಮೇ ತಿಂಗಳಲ್ಲಿ ಪ್ರತಿ ಕ್ಲಬ್ಬೂ ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಎಂಬ ಪಟ್ಟಿ ಹೊರಡಿಸುತ್ತದೆ. ಹೆಸರು ಎರಡನೇ ಗುಂಪಿನಲ್ಲಿದ್ದರೆ ಜೂನ್ 30ರವರೆಗೆ ಸಂಬಳ, ಆಮೇಲೆ ಹೊಸ ಊರು, ಮಕ್ಕಳಿಗೆ ಹೊಸ ಶಾಲೆ, ಇಲ್ಲವೇ ಬೇರೆ ಕಸುಬು. ಮೊಣಕಾಲಿನ ಒಂದು ಗಾಯ ಏಪ್ರಿಲ್‌ನಲ್ಲಿ ಆಯಿತೆಂದರೆ ಮೇ ಪಟ್ಟಿಯಲ್ಲಿ ಏನಿರುತ್ತದೆ ಎಂದು ನೀವೇ ಊಹಿಸಿ. ಇಂಥ ಪಟ್ಟಿಗಳನ್ನು ವರ್ಷದ ಮೇಲೆ ವರ್ಷ ದಾಟಿ 38ರವರೆಗೆ ಬರುವುದು ಸಣ್ಣ ಮಾತಲ್ಲ.

ಇದನ್ನು ಯೋಚಿಸುವಾಗ ನನಗೆ ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳು ನೆನಪಾಗುತ್ತವೆ. ಗೌತಮಪುರ, ಆಸ್ಟಿನ್ ಟೌನ್ ಕಡೆಯ ಹುಡುಗ ಚೆನ್ನಾಗಿ ಆಡಿದರೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತಿತ್ತು. ಕಾಲು ಸೋತ ಮೇಲೂ ಕೆಲಸ ಇರುತ್ತಿತ್ತು, ಪಿಂಚಣಿ ಇರುತ್ತಿತ್ತು. ಆಟ ಅಲ್ಲಿ ನೌಕರಿಗೆ ದಾರಿ. ಇಲ್ಲಿ ಆಟವೇ ನೌಕರಿ, ಅದರ ಹಿಂದೆ ಬೇರೇನೂ ಇಲ್ಲ. ಯಾವುದು ಮೇಲು ಅಂತ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಆದರೆ ವೃತ್ತಿಪರ ಫುಟ್‌ಬಾಲ್ ಎಂದ ಕೂಡಲೇ ದುಡ್ಡಿನ ರಾಶಿ ಕಾಣುವವರಿಗೆ ಲೀಗ್ ಟೂ ಆಟಗಾರನ ಮೇ ತಿಂಗಳು ಹೇಗಿರುತ್ತದೆ ಎಂದು ತಿಳಿದಿರಬೇಕು.

ಬ್ಲೂಮ್‌ಫೀಲ್ಡ್ ಆಡುತ್ತಿದ್ದದ್ದು ಕಣ್ಣು ಕೋರೈಸುವ ಆಟವಲ್ಲ. ಆಡಮ್ಸ್ ಪಾರ್ಕಿನಲ್ಲಿ ಗೋಲಿನ ಹಿಂದೆ ನಿಂತು ನೋಡುವ ಟೆರೇಸ್ ಒಂದಿದೆ, ಕುರ್ಚಿಗಳಿಲ್ಲ, ಒರಗಲು ಕಬ್ಬಿಣದ ಕಂಬಿ ಮಾತ್ರ. ಅಲ್ಲಿ ನಿಂತರೆ ಆಟಗಾರರ ಉಸಿರೂ ಬೈಗುಳವೂ ಕೇಳುತ್ತದೆ. ನಮ್ಮ ಕಡೆಯ ಡಿಫೆಂಡರ್ ಮುಂದಕ್ಕೆ ಓಡಿದನೆಂದರೆ ಅವನು ಬಿಟ್ಟ ಜಾಗಕ್ಕೆ ಮಿಡ್‌ಫೀಲ್ಡರ್ ಸರಿಯಬೇಕು. ಚೆಂಡು ಬರಲಿ ಬಿಡಲಿ, ಅಲ್ಲಿರಬೇಕು. ಬಹಳ ಸಲ ಚೆಂಡು ಬರುವುದೇ ಇಲ್ಲ, ಅಷ್ಟು ದೂರ ಓಡಿದ್ದನ್ನು ಯಾರೂ ಎಣಿಸುವುದಿಲ್ಲ. ಉದ್ದನೆಯ ಒದೆತಕ್ಕೆ ಎರಡು ತಲೆಗಳು ಡಿಕ್ಕಿ ಹೊಡೆದು ಚೆಂಡು ಕೆಳಗೆ ಬೀಳುತ್ತದಲ್ಲ, ಆ ಬೀಳುವ ಚೆಂಡಿಗೆ ಮೊದಲು ಮುಟ್ಟುವವನು ಯಾರು ಎಂಬುದರ ಮೇಲೆ ಕೆಳಗಿನ ಲೀಗಿನ ಅರ್ಧ ಪಂದ್ಯ ತೀರ್ಮಾನವಾಗುತ್ತದೆ. ಫೆಬ್ರವರಿಯ ಮಂಗಳವಾರ ರಾತ್ರಿ, ಗಾಳಿ ಮಳೆಯಲ್ಲಿ, ಕೆಸರಾದ ಮೈದಾನದಲ್ಲಿ ಆ ಚೆಂಡಿಗಾಗಿ ಜಾರಿ ಬಿದ್ದು ಎದ್ದು ಮತ್ತೆ ಓಡುವವನೇ ಈ ಜನರಿಗೆ ಬೇಕಾದವನು. ಹಂಗಾಮಿಗೆ ಲೀಗಿನಲ್ಲೇ 46 ಪಂದ್ಯ. ಬ್ಲೂಮ್‌ಫೀಲ್ಡ್‌ಗೆ ಟೆರೇಸ್ ಕೊಟ್ಟ ಪ್ರೀತಿ ಹುಟ್ಟಿದ್ದು ಇಂಥ ರಾತ್ರಿಗಳಿಂದ.

ಕ್ಲಬ್ಬಿನ ಕೈ ಬರಿದಾಗಿದ್ದ ಕಾಲವೂ ಇತ್ತು. 2012ರಲ್ಲಿ ಅಭಿಮಾನಿಗಳ ಟ್ರಸ್ಟೇ ಕ್ಲಬ್ಬನ್ನು ವಹಿಸಿಕೊಂಡಿತು, ಖರ್ಚು ತಾಳಲಾರದೆ ಯುವ ಅಕಾಡೆಮಿಯನ್ನು ಮುಚ್ಚಿದರು. 2015ರಲ್ಲಿ ಪ್ಲಿಮತ್‌ನಲ್ಲಿ ಗೋಲ್‌ಕೀಪರನಿಗೆ ಗಾಯವಾದಾಗ ಬದಲಿಗೆ ಇಳಿದವರು 46 ವರ್ಷದ ಗೋಲ್‌ಕೀಪಿಂಗ್ ಕೋಚ್ ಬ್ಯಾರಿ ರಿಚರ್ಡ್‌ಸನ್! ಒಂದು ಗೋಲನ್ನೂ ಬಿಡದೆ ಪಂದ್ಯ ಗೆಲ್ಲಿಸಿಕೊಟ್ಟರು.

ಅದಕ್ಕೂ ಹಿಂದಿನ ವರ್ಷ, 2014ರ ಮೇ 3ನ್ನು ಇಲ್ಲಿನ ಹಳಬರು ಇಂದಿಗೂ ಮೈ ಜುಮ್ಮೆನ್ನುವ ಹಾಗೆ ಹೇಳುತ್ತಾರೆ. ಹಂಗಾಮಿನ ಕೊನೆಯ ದಿನ. ಗೆದ್ದರೂ ಸಾಲದು, ಬೇರೆ ಕಡೆಯ ಫಲಿತಾಂಶವೂ ಕೂಡಿ ಬರಬೇಕು, ಇಲ್ಲದಿದ್ದರೆ 21 ವರ್ಷ ಉಳಿಸಿಕೊಂಡ ಲೀಗಿನ ಜಾಗ ಹೋದಂತೆ. ವಿಕಂಬ್ ಟಾರ್ಕೀಯಲ್ಲಿ 3-0ಯಿಂದ ಗೆದ್ದಿತು, ಅತ್ತ ಬ್ರಿಸ್ಟಲ್ ರೋವರ್ಸ್ ತನ್ನ ಮನೆಯಂಗಳದಲ್ಲೇ ಮ್ಯಾನ್ಸ್‌ಫೀಲ್ಡ್‌ಗೆ 1-0ಯಿಂದ ಸೋತಿತು. ಎರಡೂ ತಂಡಕ್ಕೆ 50 ಅಂಕ. ಗೋಲು ವ್ಯತ್ಯಾಸದಲ್ಲಿ ವಿಕಂಬ್ ಉಳಿಯಿತು, ರೋವರ್ಸ್ ಲೀಗಿನಿಂದಲೇ ಹೊರಬಿತ್ತು. ಆವತ್ತು ಬಿದ್ದಿದ್ದರೆ ಆಟಗಾರರ ಜತೆಗೆ ಟಿಕೆಟ್ ಕೌಂಟರಿನವರೂ ಬಟ್ಟೆ ಒಗೆಯುವವರೂ ಕೆಲಸ ಕಳೆದುಕೊಳ್ಳುತ್ತಿದ್ದರು. ಕ್ಲಬ್ಬು ಎಂದರೆ ಇವರೆಲ್ಲರೂ ಸೇರಿ. ಮರುವರ್ಷ ಅದೇ ತಂಡ ಮೇಲೇರುವ ಪ್ಲೇಆಫ್ ಫೈನಲ್ ತಲುಪಿ, ಹೆಚ್ಚುವರಿ ಸಮಯದ ಕೊನೆಯ ಗಳಿಗೆಯವರೆಗೂ ಮುಂದಿದ್ದು, ಸೌತೆಂಡ್ ಸರಿಗಟ್ಟಿದ ಮೇಲೆ ಪೆನಾಲ್ಟಿಯಲ್ಲಿ ಸೋತಿತು. ಒಂದು ವರ್ಷದೊಳಗೆ ಎಷ್ಟು ಎತ್ತರ, ಎಷ್ಟು ಆಳ!

2020ರದ್ದು ಹಬ್ಬವಾಗಬೇಕಿತ್ತು. ಕೋವಿಡ್‌ನಿಂದ ಲೀಗ್ ಒನ್ ಅರ್ಧಕ್ಕೆ ನಿಂತಾಗ ವಿಕಂಬ್ 8ನೇ ಸ್ಥಾನದಲ್ಲಿತ್ತು. ಪಂದ್ಯಕ್ಕೆ ಎಷ್ಟು ಅಂಕ ಎಂಬ ಸರಾಸರಿ ಹಿಡಿದಾಗ 3ನೇ ಸ್ಥಾನಕ್ಕೇರಿ ಪ್ಲೇಆಫ್ ಆಡುವ ಅವಕಾಶ ಸಿಕ್ಕಿತು. ಜುಲೈ 13ರಂದು ವೆಂಬ್ಲಿಯಲ್ಲಿ ಆಕ್ಸ್‌ಫರ್ಡ್ ವಿರುದ್ಧ 2-1ರ ಗೆಲುವು. ಕ್ಲಬ್ಬಿನ ಚರಿತ್ರೆಯಲ್ಲಿ ಮೊದಲ ಸಲ ಚಾಂಪಿಯನ್‌ಶಿಪ್ ಮೆಟ್ಟಿಲು. ಆದರೆ 90,000 ಕುರ್ಚಿಗಳ ಆ ಕ್ರೀಡಾಂಗಣದಲ್ಲಿ ಪ್ರೇಕ್ಷಕರೇ ಇಲ್ಲ. ದಶಕಗಟ್ಟಲೆ ಕಾದ ಜನ ಮನೆಯಲ್ಲಿ ಕೂತು ಟಿವಿ ನೋಡಬೇಕಾಯಿತು. ಮುಂದಿನ ಚಾಂಪಿಯನ್‌ಶಿಪ್ ಹಂಗಾಮೂ ಬಹುಪಾಲು ಖಾಲಿ ಮೈದಾನದಲ್ಲೇ ಕಳೆದು, ಕೊನೆಗೆ ಒಂದೇ ಒಂದು ಅಂಕದಿಂದ ತಂಡ ಕೆಳಗಿಳಿಯಿತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಬ್ಲೂಮ್‌ಫೀಲ್ಡ್ ಆಟ ನಿಲ್ಲಿಸಿದ್ದು ತಾವಾಗಿ ಅಲ್ಲ. 2021-22ರ ಹಂಗಾಮಿನ ಆರಂಭದಲ್ಲಿ ತಲೆಗೆ ಪೆಟ್ಟಾಯಿತು. ಕಂಕಷನ್ ಎನ್ನುತ್ತಾರೆ, ಹೊರಗೆ ಗಾಯವಿಲ್ಲ, ಒಳಗೆ ಮಿದುಳು ಅಲುಗಿರುತ್ತದೆ. 2022ರ ಫೆಬ್ರವರಿಯಲ್ಲಿ, ವೈದ್ಯರ ಸಲಹೆಯಂತೆ, ನಿವೃತ್ತಿ ಘೋಷಿಸಿದರು. ಫುಟ್‌ಬಾಲಿನಲ್ಲಿ ತಲೆಯ ವಿಷಯವನ್ನು ಬಹಳ ಕಾಲ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಮಾಜಿ ವೃತ್ತಿಪರ ಆಟಗಾರರಲ್ಲಿ ಇತರರಿಗಿಂತ ಸುಮಾರು 3.5 ಪಟ್ಟು ಹೆಚ್ಚು. ಪೆಟ್ಟು ಬಿದ್ದರೂ ಎದ್ದು ಆಡುವವನನ್ನೇ ವೀರ ಎಂದು ಹೊಗಳುವ ಟೆರೇಸಿನ ಅಭ್ಯಾಸ ಹೋಗಬೇಕು. ಬ್ಲೂಮ್‌ಫೀಲ್ಡ್ ನಿಲ್ಲಿಸಿದ್ದು ಸರಿಯೇ ಸರಿ. ಮನೆಯಲ್ಲಿ ಮಕ್ಕಳ ಹೆಸರು ನೆನಪಿರುವ ತಂದೆ ಯಾವ ಕಪ್ಪಿಗಿಂತಲೂ ದೊಡ್ಡವನು.

ನಮ್ಮವರಿಗೂ ಈ ಕೆಳಗಿನ ಲೀಗುಗಳಿಗೂ ನಂಟಿಲ್ಲದೆ ಇಲ್ಲ. ಬೈಚುಂಗ್ ಭುಟಿಯಾ 1999ರಲ್ಲಿ ಬಂದು ಆಡಿದ್ದು ಬರಿ ಎಂಬ ಸಣ್ಣ ಕ್ಲಬ್ಬಿಗೆ. ಆ ಕ್ಲಬ್ಬು ಸಾಲದಲ್ಲಿ ಮುಳುಗಿ 2019ರಲ್ಲಿ ಲೀಗಿನಿಂದಲೇ ಉಚ್ಚಾಟನೆಗೊಂಡಿತು. ಸುನಿಲ್ ಛೆಟ್ರಿಗೆ 2009ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜತೆ ಕರಾರಾಗಿತ್ತು. ಭಾರತದ ರ‍್ಯಾಂಕಿಂಗ್ ಸಾಲದು ಎಂದು ಕೆಲಸದ ಪರವಾನಗಿ ಸಿಗಲಿಲ್ಲ. ಇನ್ನು ಬೆಂಗಳೂರು ಎಫ್‌ಸಿ ಹುಟ್ಟಿದ ಹಂಗಾಮಿನಲ್ಲೇ, 2013-14ರಲ್ಲಿ, ಐ-ಲೀಗ್ ಗೆದ್ದಿತಲ್ಲ, ಅದರ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಕ್ರೂ, ಬ್ರ್ಯಾಡ್‌ಫರ್ಡ್, ನಾರ್ಥಾಂಪ್ಟನ್ ಅಂತ ಇಲ್ಲಿನ ಮೆಟ್ಟಿಲುಗಳಲ್ಲೇ ಆಡಿ ಬೆಳೆದವರು. ಡಿಫೆನ್ಸಿನಲ್ಲಿ ಗೋಡೆಯಂತೆ ನಿಂತ ಜಾನ್ ಜಾನ್ಸನ್ ಕೂಡ ನಾರ್ಥಾಂಪ್ಟನ್‌ನಲ್ಲಿ ಆಡಿದ್ದವರೇ. ಕಂಠೀರವದ ಗ್ಯಾಲರಿಯಲ್ಲಿ ಕೂಗಿದವರು ಇಂಗ್ಲೆಂಡಿನ ಕೆಳಗಿನ ಲೀಗಿನ ಆಟವನ್ನು ಈಗಾಗಲೇ ನೋಡಿದ್ದೀರಿ.

ನಿವೃತ್ತಿಯಾದ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ಲೂಮ್‌ಫೀಲ್ಡ್ ಕೋಲ್ಚೆಸ್ಟರ್‌ಗೆ ಮ್ಯಾನೇಜರ್ ಆದರು. 2023ರ ಫೆಬ್ರವರಿಯಲ್ಲಿ ಐನ್ಸ್‌ವರ್ತ್ ಬಿಟ್ಟುಹೋದ ವಿಕಂಬ್‌ನ ಗಾದಿಗೆ ಬಂದರು. 2025ರ ಜನವರಿಯಲ್ಲಿ ತಂಡ ಲೀಗ್ ಒನ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದಾಗ ಮೇಲಿನ ಮೆಟ್ಟಿಲಿನ ಲೂಟನ್ ಕರೆಯಿತು, ಹೋದರು. ಕೆಲವರಿಗೆ ಬೇಸರವಾಯಿತು, ನನಗಾಗಲಿಲ್ಲ. ಇಷ್ಟು ವರ್ಷ ಇದ್ದು ದುಡಿದವರಿಗೆ ಒಂದು ಮೆಟ್ಟಿಲು ಮೇಲೆ ಹೋಗುವ ಹಕ್ಕಿಲ್ಲವೇ? ಲೂಟನ್ ಆ ಹಂಗಾಮಿನಲ್ಲಿ ಕೆಳಗೆ ಬಿತ್ತು, ಅಕ್ಟೋಬರಿನಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆಟಗಾರನಾಗಿ 18 ವರ್ಷ ಉಳಿದವರಿಗೆ ಮ್ಯಾನೇಜರಾಗಿ ಲೂಟನ್‌ನಲ್ಲಿ ಸಿಕ್ಕಿದ್ದು 9 ತಿಂಗಳು.

ಇನ್ನು, ಲಂಡನ್ ನೋಡಲು ಬರುವವರಿಗೆ ಒಂದು ಮಾತು. ದೊಡ್ಡ ಕ್ಲಬ್ಬಿನ ಟಿಕೆಟ್ಟಿಗೆ ಸದಸ್ಯತ್ವ, ಬುಕಿಂಗ್ ಅಂತ ತಿಂಗಳುಗಟ್ಟಲೆ ಒದ್ದಾಡುವ ಬದಲು ಶನಿವಾರ ಮೇರಿಲೆಬೋನ್ ನಿಲ್ದಾಣದಿಂದ ಇತ್ತ ರೈಲು ಹತ್ತಿ. ಪಂದ್ಯ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ದಪ್ಪ ಜರ್ಕಿನ್ ಇರಲಿ, ಟೆರೇಸಿನ ಟಿಕೆಟ್ಟನ್ನೇ ಕೇಳಿ. ಗೋಲು ಹೊಡೆಯುವವನು ಹೇಗೂ ಕಣ್ಣಿಗೆ ಬೀಳುತ್ತಾನೆ. ಹತ್ತು ನಿಮಿಷ ಚೆಂಡನ್ನು ಬಿಟ್ಟು ಮಧ್ಯದಲ್ಲಿ ಓಡುತ್ತಿರುವ ಒಬ್ಬನನ್ನೇ ನೋಡಿ, ಅವನು ಎಲ್ಲಿಂದ ಎಲ್ಲಿಗೆ ಹೋಗುತ್ತಾನೆ, ಯಾರನ್ನು ಕೂಗಿ ಸರಿಸುತ್ತಾನೆ ಅಂತ. ಬರುವ ಮೊದಲು ನನಗೊಂದು ಮೆಸೇಜ್ ಹಾಕಿ, ಜೊತೆಗೇ ಹೋಗೋಣ.