ಪದವಿನಿಂದ ಘಟ್ಟದ ಬುಡಕ್ಕೆ

ಉಡುಪಿಯಿಂದ ಆಗುಂಬೆಯ ದಾರಿ ಹಿಡಿಯುವವರು ಸಾಮಾನ್ಯವಾಗಿ ಸೂರ್ಯಾಸ್ತದ ಲೆಕ್ಕ ಹಾಕಿಕೊಂಡು ಹೊರಡುತ್ತಾರೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನೂ ಗೆಳೆಯರೊಬ್ಬರೂ ಹೊರಟದ್ದು, ಅಕೇಶಿಯಾ ಮರ ಎಲ್ಲಿಯವರೆಗೆ ಹಬ್ಬಿದೆ, ಎಲ್ಲಿ ನಿಂತಿದೆ ಎಂದು ನೋಡಿ ಬರಲು.

ಮಣಿಪಾಲ ದಾಟಿ ಪರ್ಕಳ, ಹಿರಿಯಡಕದ ಕಡೆಗೆ ಸಾಗುವಾಗ ಹುಡುಕುವ ಶ್ರಮವೇ ಇರಲಿಲ್ಲ. ಪದವಿನ, ಅಂದರೆ ಮರಗಳು ವಿರಳವಾದ ಎತ್ತರದ ಬಯಲಿನ, ಮುರಕಲ್ಲಿನ ಮೇಲೆ, ಹುಲ್ಲೂ ಬಾಡಿಹೋದ ಕಡೆಯಲ್ಲಿ, ಅದು ಹಸುರಾಗಿ ನಿಂತಿತ್ತು. ಆಸ್ಟ್ರೇಲಿಯಾದ ಉತ್ತರ ಭಾಗ ಮತ್ತು ಪಪುವಾ ನ್ಯೂಗಿನಿಯ ಕಡೆಯ ಈ ಮರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾದ ನೆರವಿನಿಂದ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವುದರಿಂದ, ಬಡ ಮಣ್ಣಿನಲ್ಲಿಯೂ ಬೇಗ ಬೆಳೆಯುತ್ತದೆ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಾಲುಸಾಲಾಗಿ ನೆಟ್ಟದ್ದು ಈ ಗುಣವನ್ನು ನೋಡಿಯೇ. ಹೊರಗಿನ ಮರವೊಂದು ಹೆಚ್ಚಾಗಲು ಅದರ ಶಕ್ತಿಯೇ ಕಾರಣವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಎಷ್ಟು ಗಿಡ ನೆಟ್ಟೆವು, ಎಷ್ಟು ವರ್ಷ ಅವು ಬೀಜ ಉದುರಿಸಿದವು ಎಂಬ ಲೆಕ್ಕ ಅದಕ್ಕಿಂತ ದೊಡ್ಡದೆಂದು ನನಗೆ ಅನಿಸುತ್ತದೆ.

ಪೆರ್ಡೂರಿನ ಆಚೆ ಇಳಿದು ಒಂದು ಕಾಯಿಯನ್ನು ಕೈಗೆತ್ತಿಕೊಂಡೆ. ಚಕ್ಕುಲಿಯಂತೆ ಸುರುಳಿ ಸುತ್ತಿ, ಒಣಗಿ ಬಿರಿದಿತ್ತು; ಒಳಗಿನ ಕಪ್ಪು ಬೀಜಗಳು ಕಿತ್ತಳೆ ಬಣ್ಣದ ತಿರುಳಿನ ದಾರದಲ್ಲಿ ತೂಗಾಡುತ್ತಿದ್ದವು. ಹಕ್ಕಿಗಳನ್ನೂ ಇರುವೆಗಳನ್ನೂ ಸೆಳೆಯುವುದು ಈ ದಾರವೇ. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಅದು ಮಣ್ಣಿನಲ್ಲಿ ಬಹುಕಾಲ ಕಾಯಬಲ್ಲದು. ಬೆಂಕಿಯ ಬಿಸಿಗೆ ಸಿಪ್ಪೆ ಬಿರಿದರೆ ಮೊಳಕೆ ಸುಲಭ. ಪೋರ್ಚುಗೀಸರ ಕಾಲದಿಂದ ಇಲ್ಲಿರುವ ಗೇರುಮರಕ್ಕೆ ಈ ಭಾಗ್ಯವಿಲ್ಲ: ಬೀಜ ಭಾರ, ಮೇಲಾಗಿ ಅದಕ್ಕೆ ಬೆಲೆಯಿರುವುದರಿಂದ ನಾವು ಒಂದನ್ನೂ ಬಿಡದೆ ಹೆಕ್ಕಿಕೊಳ್ಳುತ್ತೇವೆ!

ಹೆಬ್ರಿ ಕಳೆದು ಸೋಮೇಶ್ವರ ತಲುಪುವಾಗ ನೋಟ ಬದಲಾಯಿತು. ರಸ್ತೆಯ ಅಂಚಿನಲ್ಲಿ ಅಕೇಶಿಯಾದ ಸಸಿಗಳಿದ್ದವು. ಮರಗಳ ನೆರಳು ದಟ್ಟವಾದ ಒಳಭಾಗದಲ್ಲಿ ಕಣ್ಣಿಗೆ ಒಂದೂ ಬೀಳಲಿಲ್ಲ. ಅದಕ್ಕೆ ಬಿಸಿಲು ಬೇಕು. ಹಾಗೆಂದು ದಟ್ಟ ಕಾಡಿಗೆ ಹೊರಗಿನ ಮರ ಬರಲಾರದೆಂದು ಧೈರ್ಯ ತಾಳುವಂತಿಲ್ಲ. ಟಾಂಜಾನಿಯಾದ ಪೂರ್ವ ಉಸಂಬರಾ ಬೆಟ್ಟಗಳಲ್ಲಿ ನೆಟ್ಟ ಮೇಸಾಪ್ಸಿಸ್ ಮರದ ಹಣ್ಣನ್ನು ಅಲ್ಲಿಯ ಮಂಗಟ್ಟೆ ಹಕ್ಕಿಗಳು ನುಂಗಿ ಕಾಡಿನೊಳಗೆ ಬೀಜ ಬಿತ್ತಿದವು; ಮರ ಕಡಿದು ಬೆಳಕು ತೆರೆದಲ್ಲೆಲ್ಲ ಅದು ಎದ್ದು ನಿಂತಿತು. ಮಂಗಟ್ಟೆ ಹಕ್ಕಿಗಳು ನಮ್ಮ ಘಟ್ಟದಲ್ಲಿಯೂ ಇವೆ ಎಂಬುದು ಆ ಹೊತ್ತಿಗೆ ನೆನಪಾಗದೆ ಇರಲಿಲ್ಲ.

ಹಿಂದಿರುಗುವಾಗ ಹೆಬ್ರಿಯ ಈಚೆ, ಹೊಸದಾಗಿ ಮಣ್ಣು ಕಡಿದ ದಿಣ್ಣೆಯೊಂದರಲ್ಲಿ ಗೇಣುದ್ದದ ಸಸಿಯನ್ನು ಗೆಳೆಯರು ತೋರಿಸಿದರು. ಬುಡದಲ್ಲಿ ನಾಚಿಕೆಮುಳ್ಳಿನಂತಹ ಸಣ್ಣ ಗರಿ ಎಲೆಗಳು, ತುದಿಯಲ್ಲಿ ಆಗಲೇ ಎಲೆಯ ವೇಷ ತೊಟ್ಟ ಚಪ್ಪಟೆ ತೊಟ್ಟುಗಳು. ಕಿತ್ತಾಗ ಬೇರಿನ ಜೊತೆ ಸಾಸಿವೆ ಗಾತ್ರದ ಗಂಟುಗಳೂ ಬಂದವು. ಪಕ್ಕದಲ್ಲಿಯೇ ಇನ್ನೂ ಏಳೆಂಟು ಸಸಿಗಳಿದ್ದವು. ಬಿಸಿಲೇರಿದ್ದರಿಂದ ಅವನ್ನು ಹಾಗೆಯೇ ಬಿಟ್ಟು ವಾಹನ ಹತ್ತಿದೆವು.