ಚೈನ್ ಕಟ್ಟಲು ಜಾಗ ಇದೆಯಾ?

ಗೋಣಿಕೊಪ್ಪಲಿನ ಒಂದು ಗ್ಯಾರೇಜಿನಲ್ಲಿ ನಾನು ಹಳೆ ಜೀಪುಗಳ ಕೆಲಸ ಮಾಡುತ್ತೇನೆ. ಎಂಜಿನ್‌ಗಿಂತ ನನ್ನ ಕೈಗೆ ಜಾಸ್ತಿ ಬರುವುದು ಚಕ್ರದ ಕೆಲಸ. ಹಬ್, ಬೇರಿಂಗ್, ಕಿಂಗ್‌ಪಿನ್, ಬ್ರೇಕ್ ಡ್ರಮ್, ರಿಮ್, ಟೈರ್. ಈಗ ಯಾರಾದರೂ ಜೀಪ್ ತಂದು ಟೈರ್ ಕೇಳಿದರೆ ನಾನು ಮೊದಲು ಸೈಜ್ ಕೇಳುವುದಿಲ್ಲ. ಮಳೆಗಾಲದಲ್ಲಿ ಚೈನ್ ಕಟ್ಟುತ್ತೀರಾ ಅಂತ ಕೇಳುತ್ತೇನೆ. ಕೆಸರಿನಲ್ಲಿ ಜಾರದ ಹಾಗೆ ಟೈರಿನ ಸುತ್ತ ಬಿಗಿಯುವ ಕಬ್ಬಿಣದ ಚೈನ್. ಈ ಪ್ರಶ್ನೆ ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ರೋಬಸ್ಟಾ ಕುಯ್ಲು ಮುಗಿದ ಸಮಯ. ಕಕ್ಕಬೆ ಕಡೆಯ ಒಬ್ಬ ಬೆಳೆಗಾರರು ತಮ್ಮ ತಂದೆಯ ಕಾಲದ ಸಿಜೆ-3ಬಿ ತಂದರು. ಎತ್ತರದ ಬಾನೆಟ್‌ನ ಹಳೆ ಮಹೀಂದ್ರಾ. ಬಾಡಿ ಕೆಲಸ, ಪೇಂಟ್ ಎಲ್ಲಾ ಆಗಿತ್ತು. ಚಕ್ರ ಮಾತ್ರ ಹಳೇ 6.00-16, ಅಂದರೆ ಆರು ಇಂಚು ಅಗಲದ ಟೈರ್, 16 ಇಂಚಿನ ಕಡಿಮೆ ಅಗಲದ ರಿಮ್. ಗಾಡಿ ಗಟ್ಟಿಯಾಗಿ ನಿಂತಿರುವ ಹಾಗೆ ಕಾಣಬೇಕು, ಅಗಲ ಟೈರ್ ಹಾಕಿಕೊಡಿ ಅಂದರು. ನಾನು 15 ಇಂಚಿನ, 8 ಇಂಚು ಅಗಲದ ರಿಮ್ ತರಿಸಿ 31x10.5, ಅಂದರೆ 31 ಇಂಚು ಎತ್ತರ, ಹತ್ತೂವರೆ ಇಂಚು ಅಗಲದ ಟೈರ್ ಹಾಕಿದೆ. ನೋಡಲು ನಿಜವಾಗಿಯೂ ಚೆನ್ನಾಗಿತ್ತು. ಅವರಿಗೂ ಖುಷಿ, ನನಗೂ ಖುಷಿ.

ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ ಫೋನ್ ಬಂತು. ಮನೆಯಿಂದ ಕೆಳಗಿನ ತೋಟಕ್ಕೆ ಇಳಿಯುವ ದಾರಿಯಲ್ಲಿ ಜೀಪ್ ಪಕ್ಕಕ್ಕೆ ಜಾರುತ್ತಿದೆ, ಹಿಂದೆ ಯಾವತ್ತೂ ಹೀಗೆ ಆಗಿರಲಿಲ್ಲ ಅಂದರು. ಹಳೆ ಚೈನ್ ಈ ಟೈರಿಗೆ ಸಾಲದು ಅಂತ ಪೇಟೆಯಲ್ಲಿ ಹೊಸ ಚೈನ್ ಮಾಡಿಸಿ ನಾಲ್ಕಕ್ಕೂ ಕಟ್ಟಿದ್ದರು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಶಬ್ದ ಬರುತ್ತಿತ್ತಂತೆ. ನಾನು ಮರುದಿನವೇ ಹೋದೆ. ಮುಂದಿನ ಚಕ್ರದ ಒಳಗಡೆ ಚೈನ್ ಲೀಫ್ ಸ್ಪ್ರಿಂಗಿಗೆ ಬಡಿದ ಗುರುತು ಹೊಳೆಯುತ್ತಿತ್ತು. ಅದರ ಹತ್ತಿರವೇ ಬ್ರೇಕ್ ಎಣ್ಣೆಯ ಹೋಸ್. ಹೊರಗಿನ ರಬ್ಬರ್ ಕಿತ್ತು ಒಳಗಿನ ನೂಲು ಕಾಣುತ್ತಿತ್ತು. ಆ ಇಳಿಜಾರಿನಲ್ಲಿ ಬೆಳಿಗ್ಗೆ ಇದೇ ಜೀಪಿನ ಹಿಂದೆ ಲೈನ್ ಮನೆಯ ಜನ, ಅಂದರೆ ತೋಟದ ಕೆಲಸಗಾರರು, ಕೂತು ಕೆಲಸಕ್ಕೆ ಹೋಗುತ್ತಾರೆ. ಹೋಸ್ ಇನ್ನೆರಡು ದಿನ ತಡೆಯುತ್ತಿತ್ತೋ ಇಲ್ಲವೋ. ಆ ಜನರ ಮುಖ ನೋಡಲು ನನಗೆ ಕಷ್ಟವಾಯಿತು.

ಜಾರಿದ್ದು ಯಾಕೆ ಅನ್ನುವುದನ್ನು ಅಲ್ಲೇ ನಿಂತು ನೋಡಿದೆ. ನಮ್ಮ ತೋಟದ ದಾರಿಗಳಲ್ಲಿ ಮೇಲೆ ಕೆಂಪು ಕೆಸರು ಇರುತ್ತದೆ. ಬಹಳ ಕಡೆ ಅದರ ಕೆಳಗೆ ಸ್ವಲ್ಪದರಲ್ಲೇ ಗಟ್ಟಿ ನೆಲ ಸಿಗುತ್ತದೆ. ಕಡಿಮೆ ಅಗಲದ ಟೈರ್ ಈ ಕೆಸರನ್ನು ಕುಯ್ದುಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲ ಟೈರ್ ಮೇಲೆಯೇ ತೇಲುತ್ತದೆ. ಮರಳಿನಲ್ಲಿ ತೇಲಬೇಕು, ಅಲ್ಲಿ ಅಗಲ ಟೈರೇ ಸರಿ. ತಳವೇ ಸಿಗದ ಗದ್ದೆ ಕೆಸರಿನಲ್ಲೂ ಸರಿ. ಆದರೆ ಒಂದು ಟನ್ ಆಸುಪಾಸಿನ ಹಗುರ ಜೀಪಿಗೆ, ಇಳಿಜಾರಿನಲ್ಲಿ, ಬೆಣ್ಣೆಯಂಥ ಮಣ್ಣಿನ ಮೇಲೆ ಅಗಲ ಟೈರ್ ಅಂದರೆ ಜಾರುಬಂಡಿಯೇ.

ಇನ್ನೊಂದು ಆಸೆ ಎತ್ತರದ್ದು. 6.00-16 ಟೈರ್ ಸುಮಾರು 730 ಮಿಲಿಮೀಟರ್ ಎತ್ತರ. 31 ಇಂಚಿನದು 787. ವ್ಯತ್ಯಾಸ 57 ಮಿಲಿಮೀಟರ್. ಆದರೆ ಆಕ್ಸಲ್ ಮೇಲೇಳುವುದು ಅದರ ಅರ್ಧ ಮಾತ್ರ, ಅಂದರೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಆ ಒಂದು ಇಂಚಿಗೆ ಕೊಡುವ ಬೆಲೆ ಏನು ನೋಡಿ. ಗೇರ್ ಎಲ್ಲಾ ಉದ್ದವಾದ ಹಾಗಾಗುತ್ತದೆ, ಏರಿನಲ್ಲಿ ಎಳೆತ ಕಡಿಮೆ. ಬ್ರೇಕ್ ಡ್ರಮ್ ಅದೇ, ಚಕ್ರ ದೊಡ್ಡದು, ಹಾಗಾಗಿ ನಿಲ್ಲಿಸಲು ಪೆಡಲ್ ಜಾಸ್ತಿ ಒತ್ತಬೇಕು. ಸ್ಪೀಡೋಮೀಟರ್ 40 ತೋರಿಸಿದರೆ ಗಾಡಿ 43ರಲ್ಲಿ ಓಡುತ್ತಿರುತ್ತದೆ. ರಿಮ್ ಹೊರಗೆ ಚಾಚಿದಷ್ಟೂ ಬೇರಿಂಗ್ ಮತ್ತು ಕಿಂಗ್‌ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಪಿನ್) ಮೇಲೆ ಭಾರ ಬೀಳುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಜೀಪಿನಲ್ಲಿ ಅದು ಮೊದಲು ಗೊತ್ತಾಗುವುದು ಓಡಿಸುವವರ ಭುಜಕ್ಕೆ.

ಕೊನೆಗೆ ಆ ಬೆಳೆಗಾರರ ಜೀಪಿಗೆ ಹಳೆ ರಿಮ್‌ಗಳನ್ನೇ ಸರಿಮಾಡಿ 6.00-16 ಲಗ್ ಟೈರ್ (ದೊಡ್ಡ ಉಬ್ಬುಗಳಿರುವ ಕೆಸರಿನ ಟೈರ್) ಹಾಕಿದೆ. ಹೋಸ್ ಬದಲಾಯಿಸಿದೆ. ಕೂಲಿ ತೆಗೆದುಕೊಳ್ಳಲಿಲ್ಲ. ಹಳೆ ಚೈನ್ ಸರಿಯಾಗಿ ಕೂತಿತು. ಅದೇ ಇಳಿಜಾರಿನಲ್ಲಿ ಅವರೇ ಓಡಿಸಿ ತೋರಿಸಿದರು.

ಹಾಗಂತ ಎಲ್ಲರಿಗೂ 6.00-16 ಹೇಳುವುದಿಲ್ಲ. ಜೀಪ್ ಜಾಸ್ತಿ ಟಾರ್ ರಸ್ತೆಯಲ್ಲೇ ಓಡುತ್ತದೆ, ವಾರಕ್ಕೊಮ್ಮೆ ತೋಟಕ್ಕೆ ಇಳಿಯುತ್ತದೆ ಅನ್ನುವವರಿಗೆ 235/75 ಆರ್ 15 ಆಲ್ ಟೆರೇನ್ ಒಳ್ಳೆಯದು. ಎತ್ತರ ಸುಮಾರು 733 ಮಿಲಿಮೀಟರ್, ಅಂದರೆ ಹಳೆಯದರಷ್ಟೇ. ರಿಮ್ ಆರು ಆರೂವರೆ ಇಂಚು ಸಾಕು. ಲಗ್ ಟೈರ್ ಕೆಸರಿನಲ್ಲಿ ಚಂದ, ಆದರೆ ಒದ್ದೆ ಟಾರಿನಲ್ಲಿ ಅದರ ಹಿಡಿತ ಕಡಿಮೆ. ಮಳೆ ಬಿದ್ದ ಸಂಪಾಜೆ ಘಾಟಿ ಇಳಿಯುವವರು ಇದನ್ನು ಮರೆಯಬಾರದು. ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರ ಬಾಡಿಗೆ ಓಡಿಸುವವರ ಕಷ್ಟವೇ ಬೇರೆ. ಅಲ್ಲಿ ಕಲ್ಲು ಟೈರಿನ ಪಕ್ಕವನ್ನು ಕೊಯ್ಯುತ್ತದೆ. ಅವರಿಗೆ ನಾನು ಮೊದಲು ಹೇಳುವುದು ಗಟ್ಟಿ ಸೈಡ್‌ವಾಲ್, ಪ್ಲೈ (ಒಳಗಿನ ನೂಲಿನ ಪದರ) ಜಾಸ್ತಿ ಇರುವುದು. ಬಟನ್, ಅಂದರೆ ಟೈರಿನ ಮೇಲಿನ ಉಬ್ಬುಗಳ ವಿಚಾರ ಆಮೇಲೆ.

ರಿಮ್ ವಿಷಯದಲ್ಲಿ ಜನ ಹಣ ಕಳೆದುಕೊಳ್ಳುವುದು ಅಳತೆ ಮಾಡದೆ ತರುವುದರಿಂದ. ಹಳೆ ಜೀಪಿನ ಐದು ಬೋಲ್ಟುಗಳ ವೃತ್ತ ಐದೂವರೆ ಇಂಚು, ಅಂದರೆ 139.7 ಮಿಲಿಮೀಟರ್. ಐದು ಬೋಲ್ಟ್ ಇರುವುದರಿಂದ ಎದುರುಬದುರು ಅಳೆಯಲು ಆಗುವುದಿಲ್ಲ. ಪಕ್ಕಪಕ್ಕದ ಎರಡು ಬೋಲ್ಟುಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ, 82 ಮಿಲಿಮೀಟರ್ ಬಂದರೆ ಅದೇ ವೃತ್ತ. ಮಾರುತಿ ಜಿಪ್ಸಿಯದ್ದೂ ಇದೇ ವೃತ್ತ, ಹಾಗಾಗಿ ಅದರ 15 ಇಂಚಿನ ರಿಮ್ ಹುಡುಕುವವರು ಬಹಳ. ಬೋಲ್ಟ್ ಕೂತ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ. ಮಧ್ಯದ ತೂತಿನಲ್ಲಿ ಮುಂದಿನ ಹಬ್ ದಾಟಬೇಕು, ರಿಮ್ ಒಳಗಡೆ ಡ್ರಮ್‌ಗೆ ತಾಗಬಾರದು. ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿಯೇ ದುಡ್ಡು ಕೊಡಿ. ತುಂಬಾ ಹಳೆ ವಿಲ್ಲೀಸ್ ಆದರೆ ಎಡಗಡೆಯ ನಟ್‌ಗಳು ಉಲ್ಟಾ ತ್ರೆಡ್. ಅದು ಗೊತ್ತಿಲ್ಲದೆ ಬಲವಾಗಿ ತಿರುಗಿಸಿ ಸ್ಟಡ್ ಮುರಿದ ಗಾಡಿಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ.

ಹಳೆ 16 ಇಂಚಿನ ರಿಮ್ ಟ್ಯೂಬ್ ಟೈರಿಗೆ ಮಾಡಿದ್ದು. ಟ್ಯೂಬ್ ಇಲ್ಲದ ಟೈರನ್ನು ಬೀಡಿನ (ಟೈರಿನ ಒಳ ಅಂಚಿನ) ಜಾಗದಲ್ಲಿ ಹಿಡಿದಿಡುವ ಉಬ್ಬು ಅದರಲ್ಲಿ ಇಲ್ಲ. ಅದಕ್ಕೆ ಟ್ಯೂಬ್‌ಲೆಸ್ ಹಾಕಿ ಕೆಸರಿಗೆ ಅಂತ ಗಾಳಿ ಇಳಿಸಿದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರಬಹುದು. ದಯವಿಟ್ಟು ಬೇಡ.

ಇನ್ನು ನಾಲ್ಕೂ ಟೈರ್ ಒಂದೇ ಸೈಜ್ ಇರಬೇಕು, ಸವೆತವೂ ಹತ್ತಿರ ಹತ್ತಿರ ಇರಬೇಕು. ಈ ಜೀಪುಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಎರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹಿಂದೆ ಹೊಸದು, ಮುಂದೆ ಸವೆದದ್ದು ಅಂತಾದರೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಒಳಗೆ ಬಿಗಿ ಏರಿ ಫೋರ್ ವೀಲ್ ಲಿವರ್ ಹೊರಗೆ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಟೈರ್ ತೆಗೆದುಕೊಳ್ಳುವವರು ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಬಟನ್ ಎಷ್ಟೇ ಎತ್ತರ ಇರಲಿ, ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ನಾನು ಫಿಟ್ ಮಾಡಿಕೊಡುವುದಿಲ್ಲ.

ಈಗ ನಮ್ಮ ಗ್ಯಾರೇಜಿನ ಗೋಡೆಯಲ್ಲಿ ಎರಡು ಸೈಜಿನ ಚೈನ್ ನೇತುಹಾಕಿದ್ದೇವೆ. ಯಾವ ರಿಮ್, ಯಾವ ಟೈರ್ ಹಾಕಿದರೂ ಗಾಡಿ ಹೊರಗೆ ಹೋಗುವ ಮೊದಲು ಚೈನ್ ಕಟ್ಟಿ, ಸ್ಟೀರಿಂಗ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸುತ್ತೇವೆ. ಒಬ್ಬ ಹುಡುಗ ಟಾರ್ಚ್ ಹಿಡಿದು ಕೆಳಗೆ ಮಲಗಿ ಸ್ಪ್ರಿಂಗ್ ಮತ್ತು ಹೋಸ್ ನೋಡುತ್ತಾನೆ. ಹೋಸಿಗೂ ಚೈನಿಗೂ ನಡುವೆ ಅವನ ಎರಡು ಬೆರಳು ಆರಾಮಾಗಿ ಹೋಗಬೇಕು. ಹೋಗದಿದ್ದರೆ ಆ ಚಕ್ರ ಮತ್ತೆ ಬಿಚ್ಚುತ್ತೇವೆ.